ಒಬ್ಬಂಟಿಗನಾಗಿ ಪರ್ವತವನ್ನೇರುವದು ಯುಕ್ತವೋ?

ಕಾಲಿಲ್ಲದವನಾಗಲಿ ಬೆರಳಿಲ್ಲದವನಾಗಲಿ ಲೋಕದ ಅತ್ಯುನ್ನತವಾದ ಪರ್ವತವನ್ನೇರಲು ಹೊರಟರೆ ನಾವು ಅವನನ್ನು ಹೊಗಳಬೇಕೋ, ತಡೆಯಬೇಕೋ? ಜೊತೆಯವರು ಬೇಡ, ಒಬ್ಬಂಟಿಗನಾಗಿಯೇ ಹೋಗುವೆನೆಂದರೆ ಏನನ್ನಬೇಕು? ಹಿಮದ ಪರ್ವತಗಳು ನಮ್ಮ ಹಳ್ಳಿಗಳಿಗೆ ದೂರವಾದಾಗ್ಯೂ ಈ ಪ್ರಶ್ನೆಯು ದೂರವಾದದ್ದಲ್ಲ. ಅಂಗವೂನವುಳ್ಳವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಇವರಿಂದ ಇಷ್ಟೇ ಆಗುವದೆಂದು ತೀರ್ಪು ಹೇಳುವವರೂ ಪ್ರತಿ ಊರಿನಲ್ಲಿಯೂ ಇದ್ದಾರೆ.

ಮೊದಲು ಆ ಸ್ಥಳದ ಸ್ವಭಾವವನ್ನು ತಿಳುಕೊಳ್ಳೋಣ. ನೇಪಾಳಕ್ಕೂ ಟಿಬೆಟ್ ಸೀಮೆಗೂ ಮೇರೆಯಾಗಿರುವ ಎವರೆಸ್ಟ್ ಪರ್ವತದ ಎತ್ತರವು ಸುಮಾರು 8,849 ಮೀಟರ್. ಅದರ ತುದಿಯಲ್ಲಿ ಗಾಳಿಯ ಒತ್ತಡವು ಸಮುದ್ರತೀರದಲ್ಲಿರುವದರ ಮೂರರಲ್ಲೊಂದು ಪಾಲು ಮಾತ್ರ. ಆದಕಾರಣ ಏರುವವರಲ್ಲಿ ಹೆಚ್ಚಿನವರು ಪ್ರಾಣವಾಯುವನ್ನು ಸಿಲಿಂಡರುಗಳಲ್ಲಿ ಹೊತ್ತುಕೊಂಡು ಹೋಗುತ್ತಾರೆ. 8,000 ಮೀಟರಿನ ಮೇಲೆ ದೇಹವು ಎಷ್ಟು ಕಾಲ ಕಳೆದರೂ ಒಗ್ಗಿಕೊಳ್ಳದೆ ಕುಂದುತ್ತಲೇ ಹೋಗುವದು. ಚಳಿಯು ಮಿತಿಮೀರಿದಾಗ ರಕ್ತವು ಕೈಕಾಲುಗಳನ್ನು ಬಿಟ್ಟು ಒಳಗೆ ಸೇರುವದರಿಂದ ಬೆರಳುಗಳೂ ಪಾದಗಳೂ ಹೆಪ್ಪುಗಟ್ಟಿ ಸಾಯುವವು. ಬೆರಳಿಲ್ಲದವನಿಗೆ ಅಲ್ಲಿ ಹಗ್ಗದ ಗಂಟು ಹಾಕುವದೇ ದೊಡ್ಡ ಕಷ್ಟ. ಕೃತಕ ಕಾಲುಳ್ಳವನಿಗೆ ಕಾಲು ಕೂಡಿಸಿದ ಸ್ಥಳದಲ್ಲಿ ಚರ್ಮವು ಉಜ್ಜಿ ಹುಣ್ಣಾಗುವದು. ಕೆಳಗಿರುವ ಹಿಮವು ಗಟ್ಟಿಯೋ ಪೊಳ್ಳೋ ಎಂಬದನ್ನು ಅವನ ಅಂಗಾಲು ಅವನಿಗೆ ಹೇಳದು.

2017ನೆಯ ಇಸವಿಯ ದಶಂಬರ ತಿಂಗಳಿನಲ್ಲಿ ನೇಪಾಳದ ಸರಕಾರವು ಅಪಘಾತಗಳನ್ನು ಕಡಿಮೆ ಮಾಡಬೇಕೆಂದು ಒಂದು ಕಟ್ಟಳೆಯನ್ನು ವಿಧಿಸಿತು. ಒಬ್ಬಂಟಿಗರಾಗಿ ಹೋಗುವವರು, ಎರಡು ಕಾಲುಗಳನ್ನೂ ಕಳಕೊಂಡವರು, ಕಣ್ಣಿಲ್ಲದವರು, ಇವರಾರೂ ಪರ್ವತಗಳನ್ನು ಏರಕೂಡದೆಂಬದೇ ಅದರ ಸಾರ. ಆದರೆ 2018ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಅಂಗವೂನವುಳ್ಳವರ ಮೇಲಿನ ನಿಷೇಧವನ್ನು ತಡೆಹಿಡಿಯಿತು. ನಮ್ಮ ವಿಚಾರದಲ್ಲಿ ಆ ಕಟ್ಟಳೆಯು ಬೇರೆಬೇರೆಯಾದ ಎರಡು ಸಂಗತಿಗಳನ್ನು ಒಂದೇ ಕಂತೆಯಾಗಿ ಕಟ್ಟಿತ್ತು. ಅಂಗವಿಲ್ಲದಿರುವದು ಮನುಷ್ಯನು ಆರಿಸಿಕೊಂಡದ್ದಲ್ಲ. ಒಬ್ಬಂಟಿಗನಾಗಿ ಹೋಗುವದು ಅವನು ಆರಿಸಿಕೊಂಡದ್ದೇ. ಮೊದಲನೆಯದಕ್ಕೆ ಉಪಾಯವುಂಟು, ಎರಡನೆಯದು ಉಪಾಯವನ್ನೇ ದೂರ ಮಾಡುವದು. ಅದೇ ವರುಷದ ಒಂದೇ ತಿಂಗಳಿನಲ್ಲಿ ಒಂದೇ ಪರ್ವತವನ್ನೇರಿದ ಇಬ್ಬರ ಸಂಗತಿಯಿಂದ ಇದನ್ನು ವಿಚಾರಿಸೋಣ.

ಮೊದಲನೆಯವನು ಚೀನಾ ದೇಶದ ಶಿಯಾ ಬೋಯು. ಈತನು 1975ರಲ್ಲಿ ತನ್ನ ದೇಶದ ತಂಡದೊಡನೆ ಎವರೆಸ್ಟನ್ನೇರಲು ಹೋದಾಗ, ಅಸ್ವಸ್ಥನಾದ ಸಂಗಡಿಗನಿಗೆ ತಾನು ಮಲಗುವ ಬೆಚ್ಚನೆಯ ಚೀಲವನ್ನು ಕೊಟ್ಟುಬಿಟ್ಟನು. ಆ ಚಳಿಯಿಂದ ಅವನ ಎರಡು ಪಾದಗಳೂ ಸತ್ತವು. ಅವುಗಳನ್ನು ಕೊಯ್ದು ತೆಗೆಯಬೇಕಾಯಿತು. 1996ರಲ್ಲಿ ಬೇರೊಂದು ರೋಗದ ದೆಸೆಯಿಂದ ಮೊಣಕಾಲಿನ ಕೆಳಗಣ ಭಾಗವನ್ನೂ ಕಳಕೊಂಡನು. ಆದಾಗ್ಯೂ ಅವನ ಮನಸ್ಸು ಪರ್ವತವನ್ನು ಬಿಡಲಿಲ್ಲ. 2014ರಲ್ಲಿ ಹಿಮಪಾತವೂ 2015ರಲ್ಲಿ ಭೂಕಂಪವೂ ಅವನನ್ನು ಹಿಂದಿರುಗಿಸಿದವು. 2016ರಲ್ಲಿ ತುದಿಗೆ ಇನ್ನು ನೂರು ಮೀಟರ್ ಸಹ ಇಲ್ಲದಿರುವಾಗ ಬಿರುಗಾಳಿಯೆದ್ದಿತು. ತನ್ನೊಡನಿದ್ದ ಶೆರ್ಪರ ಪ್ರಾಣಗಳನ್ನು ನೆನಸಿ ಅವನು ಅಲ್ಲಿಂದಲೇ ಇಳಿದನು. ಕೊನೆಗೆ 2018ನೆಯ ಮೇ 14ರಲ್ಲಿ, ಅರುವತ್ತೊಂಬತ್ತರ ಪ್ರಾಯದಲ್ಲಿ, ಎರಡು ಕೃತಕ ಕಾಲುಗಳ ಮೇಲೆ ತುದಿಯಲ್ಲಿ ನಿಂತನು.

ಎರಡನೆಯವನು ಜಪಾನಿನ ನೊಬುಕಾಜು ಕುರಿಕಿ. ಈತನು ಒಬ್ಬಂಟಿಗನಾಗಿ, ಪ್ರಾಣವಾಯುವಿನ ಸಹಾಯವಿಲ್ಲದೆ ಎವರೆಸ್ಟನ್ನೇರಬೇಕೆಂದು ಸಂಕಲ್ಪ ಮಾಡಿದ್ದನು. 2012ರಲ್ಲಿ ಅದೇ ಪರ್ವತದ ಚಳಿಯಿಂದ ಒಂಬತ್ತು ಬೆರಳುಗಳನ್ನು ಕಳಕೊಂಡನು. ಹಾಗಿದ್ದರೂ ಮತ್ತೆ ಮತ್ತೆ ಹೋದನು. ತಾನು ಏರುವಾಗ ಕಾಣುವದನ್ನು ದೂರದಲ್ಲಿರುವ ಜನರೂ ನೋಡುವ ಹಾಗೆ ಚಿತ್ರಗಳನ್ನು ಕಳುಹಿಸುತ್ತಿದ್ದನು. ಎಂಟನೆಯ ಸಾರಿ, 2018ನೆಯ ಮೇ 21ರಲ್ಲಿ, ಇಳಿಯುವ ದಾರಿಯಲ್ಲಿದ್ದ ಅವನಿಂದ ಕೆಳಗಿದ್ದವರಿಗೆ ರೇಡಿಯೋ ಮೂಲಕ ಉತ್ತರ ಬರಲಿಲ್ಲ. ಕತ್ತಲೆಯಲ್ಲಿ ಅವನ ದೀಪವೂ ಕಾಣಲಿಲ್ಲ. ಅವನ ಚಿತ್ರಗಳನ್ನು ತೆಗೆಯಲು ಬಂದಿದ್ದವರು ಹುಡುಕುತ್ತ ಮೇಲೇರಿ ಅವನ ಶವವನ್ನು ಕಂಡರು. ಆಗ ಅವನಿಗೆ ಮೂವತ್ತೈದು ವರುಷ.

ಸತ್ತವನನ್ನು ನಿಂದಿಸುವದು ನಮ್ಮ ಉದ್ದೇಶವಲ್ಲ. ಬೆರಳುಗಳಿದ್ದರೆ ಬದುಕುತ್ತಿದ್ದನೆಂದು ಯಾರು ಹೇಳಬಲ್ಲರು? ಸರ್ವಾಂಗಗಳೂ ಸರಿಯಾಗಿದ್ದ ಎಷ್ಟೋ ಮಂದಿ ಅಲ್ಲಿ ಸತ್ತಿದ್ದಾರೆ. ನಾವು ಗಮನಿಸತಕ್ಕದ್ದು ಇಷ್ಟೇ: ಒಬ್ಬಂಟಿಗನಾಗಿ ಹೋದವನು ಕೊನೆಯ ವರೆಗೆ ಒಬ್ಬಂಟಿಗನಾಗಿರಲಿಲ್ಲ. ಅವನು ಮೌನವಾದ ಕೂಡಲೆ ಬೇರೆಯವರು ಕತ್ತಲೆಯಲ್ಲಿ ಅದೇ ಹಿಮದ ಮೇಲೆ ಕಾಲಿಡಬೇಕಾಯಿತು.

ಇಲ್ಲಿ ಕೆಲವರು ಹೇಳುವದೇನಂದರೆ, ಜೊತೆಯವರನ್ನು ಕರಕೊಂಡು ಹೋದರೆ ಅವರ ಪ್ರಾಣಕ್ಕೂ ಅಪಾಯವಲ್ಲವೋ? ನಿಜವೇ. 2014ರ ಆ ಹಿಮಪಾತದಲ್ಲಿ ಸತ್ತ ಹದಿನಾರು ಮಂದಿಯೂ ಹೊರೆ ಹೊತ್ತು ದಾರಿ ಮಾಡಿಕೊಡುವ ನೇಪಾಳದ ಕೆಲಸಗಾರರೇ. ಆದರೆ ಭೇದವೊಂದುಂಟು. ಜೊತೆಯಲ್ಲಿರುವವನು ಅಪಾಯವನ್ನು ತಿಳಿದು ಒಪ್ಪಿಕೊಂಡು ಬಂದವನು. ಸಾಕು, ಇಳಿಯೋಣವೆಂದು ಹೇಳಬಲ್ಲವನು. ಅವನ ಮುಖವನ್ನು ನೋಡಿದಾಗ ನಮ್ಮ ಹಟವು ಮೆತ್ತಗಾಗುವದು. ಶಿಯಾ ಬೋಯುವಿಗೆ 2016ರಲ್ಲಿ ಆದದ್ದು ಇದೇ. ಹುಡುಕುವದಕ್ಕೆ ಬರುವವನನ್ನಾದರೋ ಯಾರೂ ಮುಂದಾಗಿ ಕೇಳಿರುವದಿಲ್ಲ. ಆದಕಾರಣ ಸ್ವಂತ ಪ್ರಾಣವನ್ನು ಮಾತ್ರ ಪಣವಾಗಿಡುತ್ತೇನೆಂದು ಹೇಳುವವನು ನೆರೆಯವನ ಪ್ರಾಣವನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕು.

ಬೇರೆ ಕೆಲವರು, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಕಾಲಿಲ್ಲದವನಿಗೆ ಪರ್ವತವೇತಕ್ಕೆ ಎನ್ನುವರು. ಗಾದೆಯು ಒಳ್ಳೇದು, ಆದರೆ ಹಾಸಿಗೆಯ ಉದ್ದವನ್ನು ಅಳೆಯದೆ ಹೇಳಬಾರದು. ಅಫಘಾನಿಸ್ತಾನದಲ್ಲಿ ಎರಡು ಕಾಲುಗಳನ್ನೂ ಮೊಣಕಾಲಿನ ಮೇಲಕ್ಕೇ ಕಳಕೊಂಡ ಗೂರ್ಖಾ ಸಿಪಾಯಿ ಹರಿ ಬುಢಾ ಮಗರ್ ಎಂಬವನು, 2023ನೆಯ ಮೇ 19ರಲ್ಲಿ ಜೊತೆಗಾರರೊಡನೆ ಎವರೆಸ್ಟಿನ ತುದಿಯನ್ನು ಮುಟ್ಟಿದನು. 2017ರ ಕಟ್ಟಳೆಯು ನಿಂತಿದ್ದರೆ ಅವನು ಬೆಟ್ಟದ ಬುಡದಲ್ಲಿಯೇ ಇರಬೇಕಾಗಿತ್ತು. ಕೈಯಾಸರೆ ಪಡೆದು ಏರಿದವನಿಗೆ ಅರ್ಧ ಮಾನವೇ ಸಾಕೆನ್ನುವವರು, ಸರ್ವಾಂಗವುಳ್ಳವರಲ್ಲಿ ಎಷ್ಟು ಮಂದಿ ಶೆರ್ಪರು ಕಟ್ಟಿದ ಹಗ್ಗವನ್ನು ಮುಟ್ಟದೆ ಏರಿದ್ದಾರೆಂದು ಮೊದಲು ಎಣಿಸಲಿ.

ಹೀಗಿರಲಾಗಿ ಈ ಸಂಗತಿಯಿಂದ ನಮಗೆ ಎರಡು ಕರ್ತವ್ಯಗಳು ತಿಳಿದುಬರುವವು. ಅಂಗವೂನವುಳ್ಳವನ ದೇಹವನ್ನು ನೋಡಿ, ಇದು ನಿನ್ನಿಂದಾಗದೆಂದು ಬಾಗಿಲು ಮುಚ್ಚುವದು ನಮಗೆ ತಕ್ಕದ್ದಲ್ಲ. ಏನು ಮಾಡಬಲ್ಲೆ, ಯಾವ ಸಹಾಯ ಬೇಕು ಎಂದು ಅವನನ್ನೇ ಕೇಳಬೇಕು. ಊನವುಳ್ಳವನು ಸಹ, ಸಹಾಯ ಹೊಂದಿದರೆ ತನ್ನ ಮಾನವು ಕುಂದುವದೆಂದು ನೆನಸಿ ಚಾಚಿದ ಕೈಯನ್ನು ತಳ್ಳಬಾರದು. ಏರುವದಕ್ಕೆ ಬೇಕಾದ ಧೈರ್ಯವನ್ನು ಲೋಕವೆಲ್ಲಾ ಹೊಗಳುತ್ತದೆ. ತುದಿಯು ಕಣ್ಣೆದುರಿಗೆ ಇರುವಾಗ ಜೊತೆಯವರ ನಿಮಿತ್ತ ಹಿಂದಿರುಗುವದಕ್ಕೆ ಬೇಕಾದ ಧೈರ್ಯವು ಅದಕ್ಕಿಂತ ಕಡಿಮೆಯಾದದ್ದಲ್ಲವೆಂದು ನಾವು ಎಣಿಸುತ್ತೇವೆ.