ಊಟ ಆಯ್ತು, ಆರಾಮಿದ್ದೀನಿ

"ಊಟ ಆಯ್ತಾ?"
"ಆಯ್ತಮ್ಮ."
"ಎಂತ ಊಟ?"
"ಅನ್ನ, ಸಾರು."

ಬೆಂಗಳೂರಿನ ಪಿಜಿಯಲ್ಲಿ ಮ್ಯಾಗಿ ತಿನ್ನುತ್ತಾ ಈ ಉತ್ತರ ಕೊಡದವರು ನಮ್ಮಲ್ಲಿ ಎಷ್ಟು ಜನ ಇದ್ದೀವಿ? ನಾನಂತೂ ನೂರಾರು ಸಲ ಕೊಟ್ಟಿದ್ದೀನಿ. ಇದೂ ಒಂದು ಸುಳ್ಳು ಅಂತ ಅನ್ನಿಸಿದ್ದೇ ಇಲ್ಲ. ಅನ್ನಿಸುವ ಹಾಗೆ ಮಾಡಿದ್ದು ನನ್ನ ಚಿಕ್ಕಪ್ಪನ ಮಗ.

ನಮ್ಮದು ಕಳಸದ ಹತ್ತಿರದ ಹಳ್ಳಿ. ಚಿಕ್ಕಪ್ಪನಿಗೆ ಮೂರು ಎಕರೆ ರೋಬಸ್ಟಾ, ನಡುವೆ ಒಂದಿಷ್ಟು ಅಡಿಕೆ, ಮೆಣಸು. ತಮ್ಮ ನೀಟ್ ಪಾಸಾದ, ಆದರೆ ಸರ್ಕಾರಿ ಸೀಟು ಸಿಗುವ ರ‍್ಯಾಂಕ್ ಬರಲಿಲ್ಲ. ಇಲ್ಲಿ ಮ್ಯಾನೇಜ್‌ಮೆಂಟ್ ಸೀಟು ಅಂದರೆ ತೋಟ ಮಾರಿದರೂ ಸಾಲದು. ರಷ್ಯಾದ ಆರು ವರ್ಷದ ಕೋರ್ಸಿಗಾದರೆ ತೋಟ ಅಡ ಇಟ್ಟರೆ ಸಾಕು. 2018ರಲ್ಲಿ ವೋಲ್ಗಾ ದಂಡೆಯ ಕಜಾನ್‌ಗೆ ಹೊರಟ.

ಅಲ್ಲಿನ ದಿನಚರಿಯನ್ನು ನನಗೆ ಮಾತ್ರ ಬಿಡಿಸಿ ಹೇಳುತ್ತಿದ್ದ. ಡಿಸೆಂಬರಿನಲ್ಲಿ ಬೆಳಿಗ್ಗೆ ಕ್ಲಾಸಿಗೆ ಹೊರಡುವಾಗಲೂ ಕತ್ತಲೆ, ಮಧ್ಯಾಹ್ನ ಮೂರು ಗಂಟೆ ದಾಟಿದರೆ ಮತ್ತೆ ಕತ್ತಲೆ. ಹಾಸ್ಟೆಲಿನ ಒಂದು ಮಹಡಿಗೆಲ್ಲ ಸೇರಿ ಒಂದೇ ಅಡುಗೆಮನೆ. ಅನ್ನಕ್ಕೆ ಇಟ್ಟು ಆ ಕಡೆ ಹೋದರೆ ಬರುವಷ್ಟರಲ್ಲಿ ಒಲೆ ಮೇಲೆ ಬೇರೆಯವರ ಪಾತ್ರೆ. ಒಂದು ಕ್ಲಾಸ್ ತಪ್ಪಿದರೂ 'ಒತ್ರಬೋತ್ಕ', ಅಂದರೆ ಇನ್ನೊಂದು ದಿನ ಹೋಗಿ ಆ ಪಾಠವನ್ನು ಒಪ್ಪಿಸಿ ಬರಬೇಕು. ಪಾಠ ಇಂಗ್ಲಿಷಿನಲ್ಲಿ, ಆದರೆ ವಾರ್ಡಿನಲ್ಲಿ ಮಲಗಿರುವ ಅಜ್ಜಿಗೆ ಗೊತ್ತಿರುವುದು ರಷ್ಯನ್ ಮಾತ್ರ. ಕಾಫಿ ತೋಟದ ಹುಡುಗ ಅಂಗಡಿಯ ಇನ್‌ಸ್ಟಂಟ್ ಕಾಫಿ ಕುಡಿಯುತ್ತಿದ್ದ. ನಮ್ಮ ಕಾಫಿ ಕೊಳ್ಳುವ ದೊಡ್ಡ ದೇಶಗಳಲ್ಲಿ ರಷ್ಯಾ ಕೂಡ ಒಂದು. "ಅಣ್ಣಾ, ಇದು ನಮ್ಮ ತೋಟದ್ದೇ ಇರಬಹುದು ಮಾರಾಯ, ಆದ್ರೆ ಗುರುತೇ ಸಿಗ್ತಿಲ್ಲ" ಅಂತ ನಗುತ್ತಿದ್ದ.

ಮನೆಗೆ ಫೋನ್ ಮಾಡಿದಾಗ ಮಾತ್ರ ಎರಡೇ ಮಾತು. ಊಟ ಆಯ್ತು, ಆರಾಮಿದ್ದೀನಿ.

ಮೊದಲ ಚಳಿಗಾಲದಲ್ಲೇ ನ್ಯುಮೋನಿಯಾ ಆಗಿ ಒಂದು ವಾರ ಆಸ್ಪತ್ರೆಯಲ್ಲಿದ್ದ. ರೂಮ್‌ಮೇಟ್ ನನಗೆ ಫೋನ್ ಮಾಡಿದ. ಇವನು ಆ ಫೋನ್ ಕಿತ್ತುಕೊಂಡು, "ಅಮ್ಮಂಗೆ ಹೇಳಬೇಡ, ವೈಫೈ ಹಾಳಾಗಿದೆ ಅನ್ನು" ಅಂದ. ನಾನು ಹಾಗೇ ಅಂದೆ.

2019ರ ಆಗಸ್ಟ್ ಮಳೆ ನೆನಪಿರಬೇಕು. ಹೆಬ್ಬಾಳೆ ಸೇತುವೆ ಮುಳುಗಿತ್ತು, ಚಾರ್ಮಾಡಿ ಘಾಟಿ ಬಂದ್ ಆಗಿತ್ತು, ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಕುಸಿದವು. ಚಿಕ್ಕಪ್ಪನ ತೋಟದಲ್ಲೂ ಒಂದು ಎಕರೆಯಷ್ಟು ಧರೆ ಗಿಡಗಳ ಸಮೇತ ಜಾರಿ ಹಳ್ಳಕ್ಕೆ ಬಿತ್ತು. ಟಿಕೆಟ್ ದುಬಾರಿ ಅಂತ ತಮ್ಮ ಆ ಬೇಸಿಗೆ ರಜೆಗೆ ಬಂದಿರಲಿಲ್ಲ. ಚಿಕ್ಕಪ್ಪ ನನಗೆ ಫೋನ್ ಮಾಡಿ, "ಅವನಿಗೆ ಹೇಳಬೇಡ. ಗೊತ್ತಾದ್ರೆ ಓದು ಬಿಟ್ಟು ಬರ್ತಾನೆ. ಮಳೆಗೆ ನೆಟ್‌ವರ್ಕ್ ಇಲ್ಲ ಅನ್ನು" ಅಂದರು. ನಾನು ಹಾಗೇ ಅಂದೆ.

ಎರಡೂ ಕಡೆಯ ಮೆಸೇಜುಗಳು ನನ್ನ ಹತ್ತಿರ ಬಂದು ಅಲ್ಲೇ ಡ್ರಾಪ್ ಆಗುತ್ತಿದ್ದವು. ನಾನು ಎಲ್ಲರನ್ನೂ ಕಾಪಾಡುತ್ತಿದ್ದೀನಿ ಅಂದುಕೊಂಡಿದ್ದೆ.

2020ರಲ್ಲಿ ಕೋವಿಡ್ ಬಂದು ಪಾಠ ಆನ್‌ಲೈನ್ ಆದಾಗ ತಮ್ಮ ಊರಿಗೆ ಬಂದ. ಕ್ವಾರಂಟೈನ್ ಮುಗಿಸಿ ತೋಟಕ್ಕೆ ಹೋದವನಿಗೆ ಕಂಡಿದ್ದು ಬರೀ ಕೆಂಪು ಮಣ್ಣು. ಯಾವಾಗ ಆಗಿದ್ದು ಅಂತ ಕೇಳಿ ತಿಳಿದುಕೊಂಡ. ಅಳಲಿಲ್ಲ, ಕೂಗಾಡಲಿಲ್ಲ. ನನ್ನ ಕಡೆ ತಿರುಗಿ, "ಅಣ್ಣಾ, ನಿಂಗೆ ಗೊತ್ತಿತ್ತಾ?" ಅಂದ. ಅದೇ ರಾತ್ರಿ ಮಾತಿಗೆ ಮಾತು ಬಂದು ಆಸ್ಪತ್ರೆಯ ವಿಷಯವೂ ಹೊರಬಿತ್ತು. ಚಿಕ್ಕಮ್ಮ ಬಡಿಸುತ್ತಿದ್ದ ಸೌಟು ಕೆಳಗಿಟ್ಟು ನನ್ನನ್ನೇ ಕೇಳಿದರು: "ನಿನಗೂ ಗೊತ್ತಿತ್ತೇನೋ?"

ಒಳ್ಳೇದಕ್ಕೆ ಹೇಳಿದ ಸುಳ್ಳು ತಪ್ಪಾ? ಕಾಂಟ್ ಎಂಬ ತತ್ವಜ್ಞಾನಿ 1797ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ನಿಮ್ಮ ಗೆಳೆಯ ಎಲ್ಲಿ ಅಡಗಿದ್ದಾನೆ ಅಂತ ಕೊಲೆಗಾರನೇ ಬಂದು ಕೇಳಿದರೂ ಸುಳ್ಳು ಹೇಳಬಾರದು ಅಂದ. ಅವನು ಹುಟ್ಟಿ ಬಾಳಿದ ಊರು ಇವತ್ತು ರಷ್ಯಾದಲ್ಲೇ ಇದೆ, ಹೆಸರು ಕಲಿನಿನ್‌ಗ್ರಾದ್. ಅವನ ಮಾತನ್ನು ಒಪ್ಪುವಷ್ಟು ಕಠಿಣ ಮನಸ್ಸು ನನಗಿಲ್ಲ. ಅಲ್ಲದೆ ನಮ್ಮ ಕೇಸಿನಲ್ಲಿ ಬಾಗಿಲಲ್ಲಿ ಕೊಲೆಗಾರ ಇರಲಿಲ್ಲ, ಫೋನಿನಲ್ಲಿ ಅಮ್ಮ ಇದ್ದಳು.

ನನಗೆ ನೆನಪಾಗಿದ್ದು ಶಾಲೆಯಲ್ಲಿ ಕಲಿತ ಗೋವಿನ ಹಾಡು. ಪುಣ್ಯಕೋಟಿ ಅಂದ ಕೂಡಲೇ ನಾವು ಹೇಳೋದು ಅವಳು ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡ ವಿಷಯ. ಆದರೆ ಅದಕ್ಕೂ ಮೊದಲು ಅವಳು ಇನ್ನೊಂದು ಕೆಲಸ ಮಾಡುತ್ತಾಳೆ. ಹಾಲು ಕೊಡಲು ಬಂದವಳು, ಸುಮ್ಮನೆ ಕೊಟ್ಟು ಹೋಗಬಹುದಿತ್ತು. ನಾಳೆ ಬರ್ತೀನಿ ಅನ್ನಬಹುದಿತ್ತು. ಹಾಗೆ ಮಾಡದೆ, ಹುಲಿ ಸಿಕ್ಕಿದ್ದನ್ನೂ ತಾನು ವಾಪಸ್ ಹೋಗಬೇಕಾಗಿರುವುದನ್ನೂ ಕರುವಿಗೆ ಹೇಳುತ್ತಾಳೆ. ಹುಲಿಗೆ ನಿಜ ಹೇಳೋದಕ್ಕಿಂತ ಕರುವಿಗೆ ನಿಜ ಹೇಳೋದು ಕಷ್ಟ ಅಂತ ಈಗ ಅನ್ನಿಸುತ್ತೆ. ಹೇಳಿದ್ದರಿಂದಲೇ ಕರುವಿಗೆ ತನ್ನ ತಾಯಿಯನ್ನು ತಡೆಯಲು, ಬೇಡಿಕೊಳ್ಳಲು, ಬೀಳ್ಕೊಡಲು ಅವಕಾಶ ಸಿಕ್ಕಿತು.

ನಾವು ಕಿತ್ತುಕೊಂಡಿದ್ದು ಅದನ್ನೇ. ಧರೆ ಕುಸಿದಾಗ ತಮ್ಮನ ಕೈಲಿ ಏನೂ ಆಗುತ್ತಿರಲಿಲ್ಲ ನಿಜ. ಆದರೆ ಅಪ್ಪನಿಗೆ ದಿನಾ ಫೋನ್ ಮಾಡಿ ಎರಡು ಮಾತಾಡುವ ಮಗನಾಗಬಹುದಿತ್ತು. ಚಿಕ್ಕಮ್ಮನಿಂದ ಮಗನ ಜ್ವರ ಇಳಿಸಲು ಆಗುತ್ತಿರಲಿಲ್ಲ. ಹೊರನಾಡಿಗೆ ಹರಕೆಯನ್ನಾದರೂ ಹೊತ್ತುಕೊಳ್ಳುತ್ತಿದ್ದರು. ನೋವು ಕಮ್ಮಿ ಮಾಡ್ತೀವಿ ಅಂತ ಹೊರಟ ನಾವು ಅವರವರ ಪಾಲಿನ ಕೆಲಸವನ್ನೇ ತಪ್ಪಿಸಿದೆವು.

ಹಾಗಂತ ನಿಜಕ್ಕೆ ಬೆಲೆ ಇಲ್ಲ ಅಂತಲ್ಲ. ಗಡಿ ತೆರೆದ ಮೇಲೆ ತಮ್ಮ ವಾಪಸ್ ಹೋದ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಉಕ್ರೇನಿನ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ ಸುದ್ದಿ ಬಂತು. ಅದೇ ತಿಂಗಳು ರಷ್ಯಾದಲ್ಲಿ ಹೊರದೇಶದ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು ನಿಂತವು. ಈ ಸಲ ತಮ್ಮ ಮುಚ್ಚಿಡಲಿಲ್ಲ: ಕಾರ್ಡ್ ನಡೀತಿಲ್ಲ, ಕೈಲಿ ಇಷ್ಟೇ ದುಡ್ಡಿದೆ, ಹೆದರಿಕೆಯೂ ಆಗ್ತಿದೆ ಅಂದ. ಚಿಕ್ಕಮ್ಮನ ಬಿಪಿ ಏರಿತು, ಚಿಕ್ಕಪ್ಪ ರಾತ್ರಿಯೆಲ್ಲಾ ಟಿವಿ ಮುಂದೆ ಕೂತರು. ಎಲ್ಲರೂ ಪರದಾಡಿದೆವು, ಆದರೆ ಒಟ್ಟಿಗೆ ಪರದಾಡಿದೆವು.

ಈಗ ನನಗೆ ನಾನೇ ಒಂದು ರೂಲ್ ಹಾಕಿಕೊಂಡಿದ್ದೀನಿ. ನಾಳೆ ಪರೀಕ್ಷೆ ಇರುವವನಿಗೆ ಇವತ್ತು ಕೆಟ್ಟ ಸುದ್ದಿ ಹೇಳದೇ ಇರಬಹುದು, ನಾಡಿದ್ದು ಹೇಳಲೇಬೇಕು. ಮುಂದೂಡುವುದು ಬೇರೆ, ಮುಚ್ಚಿಡುವುದು ಬೇರೆ. ಮುಂದೂಡಿದ್ದಕ್ಕೆ ಒಂದು ತಾರೀಕು ಇರುತ್ತೆ.

ತಮ್ಮ ಕೋರ್ಸ್ ಮುಗಿಸಿ ಬಂದು ಬೆಂಗಳೂರಲ್ಲಿ ನನ್ನ ರೂಮಿನಲ್ಲೇ ಇದ್ದಾನೆ. ಹೊರದೇಶದಲ್ಲಿ ಓದಿದವರು ಇಲ್ಲಿ ಡಾಕ್ಟರಾಗಲು ಎಫ್‌ಎಂಜಿಇ ಬರೆಯಬೇಕು. 300ಕ್ಕೆ 150 ಬಂದರೆ ಪಾಸು. ಮೊದಲ ಸಲ ಅವನಿಗೆ ಬರಲಿಲ್ಲ. ರಿಸಲ್ಟ್ ನೋಡಿದ ಐದೇ ನಿಮಿಷಕ್ಕೆ ಮನೆಗೆ ಫೋನ್ ಮಾಡಿದ.

"ಅಮ್ಮಾ, ಫೇಲಾಯ್ತು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ಊಟ ಆಯ್ತಾ?"

"ಇಲ್ಲ."

"ಮೊದಲು ಉಣ್ಣು. ಆಮೇಲೆ ನೋಡುವ."