ತಪ್ಪು ಯಾರದು?

ಹಣ ಕೊಡುವ ಯಂತ್ರದ ಮುಂದೆ ನಿಂತ ಮುದುಕಿಯೊಬ್ಬಳು ಎರಡು ಬಾರಿ ಗುಂಡಿಯೊತ್ತಿ, ಮುಂದೇನೆಂದು ತೋಚದೆ, "ನಾನು ಓದು ಬರಹ ಬಾರದವಳಪ್ಪ, ನನ್ನಿಂದಾಗದು" ಎಂದು ಹಿಂದೆ ಸರಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಸಾಲಿನಲ್ಲಿ ನಿಂತವರು ಬೇಸರಪಡುತ್ತಾರೆ, ಆಕೆ ನಾಚಿಕೊಳ್ಳುತ್ತಾಳೆ. ಆ ಯಂತ್ರದ ಪರದೆಯನ್ನು ರಚಿಸಿದವನು ಅಲ್ಲಿ ಇರುವುದೇ ಇಲ್ಲ. ಆದುದರಿಂದ ಅವನಿಗೆ ನಾಚಿಕೊಳ್ಳುವ ಸಂದರ್ಭವೇ ಬರುವುದಿಲ್ಲ. ಇಲ್ಲಿ ತಪ್ಪು ಯಾರದು? ಇದು ಯಂತ್ರವಿದ್ಯೆಯ ಪ್ರಶ್ನೆಯಂತೆ ತೋರಿದರೂ ನಿಜವಾಗಿ ನೀತಿಯ ಪ್ರಶ್ನೆಯೆಂಬುದು ನಮ್ಮ ಅಭಿಪ್ರಾಯ.

ಈ ಪ್ರಶ್ನೆ ನಮಗೆ ದೂರದ್ದಲ್ಲ. ಕನ್ನಡದಲ್ಲಿ ಕಲಿತ ನಮ್ಮ ಮಕ್ಕಳಲ್ಲಿ ಕೆಲವರು ಮುಂದೆ ಗಣಕ ವಿಜ್ಞಾನವನ್ನು ಆರಿಸಿಕೊಳ್ಳುವರು. ಸೇಲಂನಲ್ಲಿ 1997ರಲ್ಲಿ ಸ್ಥಾಪಿತವಾದ ಪೆರಿಯಾರ್ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇಲಂ, ಧರ್ಮಪುರಿ ಜಿಲ್ಲೆಗಳೆರಡೂ ಸೇರಿವೆ. ಈ ವಿದ್ಯೆಗಾಗಿ ದೂರದ ಊರಿಗೆ ಹೋಗಬೇಕಾಗಿಲ್ಲ. ಲೆಕ್ಕ ತಪ್ಪದ ತಂತ್ರಾಂಶವನ್ನು ಬರೆಯಲು ಅವರು ಕಲಿಯುವರು. ಆದರೆ ಅದನ್ನು ಬಳಸುವವರು ಯಾರು, ಅವರ ಕಣ್ಣು, ಕೈ, ಭಾಷೆ, ಅಭ್ಯಾಸಗಳು ಎಂತಹವು ಎಂದು ಕೇಳಿಕೊಳ್ಳುವುದನ್ನು ಅವರಿಗೆ ಕಲಿಸುವವರಾರು?

ನಮ್ಮ ಲಿಪಿಯಿಂದಲೇ ಒಂದು ಉದಾಹರಣೆಯನ್ನು ಕೊಡೋಣ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ತಮಿಳಿನಲ್ಲಿ ವ್ಯಂಜನದ ತಲೆಯ ಮೇಲೆ ಚುಕ್ಕಿಯಿಟ್ಟು ಮುಂದಿನ ಅಕ್ಷರವನ್ನು ಪಕ್ಕದಲ್ಲಿ ಬರೆಯುವರು; ಇಂಗ್ಲಿಷಿನಲ್ಲಿ ಒತ್ತೇ ಇಲ್ಲ. ಆ ಲಿಪಿಗಳ ಅಳತೆಗೆ ಸಾಲಿನ ಎತ್ತರವನ್ನು ಗೊತ್ತುಮಾಡಿದ ಪರದೆಯಲ್ಲಿ ಕನ್ನಡ ಬಂದಾಗ ಒತ್ತು ಕತ್ತರಿಸಿ ಹೋಗುವುದುಂಟು. ಆಗ 'ಕತ್ತೆ' 'ಕತೆ'ಯಾಗುತ್ತದೆ! ಓದುವ ಬಾಲಕ ತಡವರಿಸಿದರೆ ಅವನಿಗೆ ಓದಲು ಬಾರದೆಂದು ನಾವು ಗದರಿಸುತ್ತೇವೆ. ಸ್ಟೆನ್ಸಿಲ್ ಹಾಳೆಯ ಮೇಲೆ ಕನ್ನಡ ಬರೆಯುವವನಿಗೆ ಒತ್ತಿಗೆ ಎಡೆ ಬಿಡಬೇಕೆಂದು ಯಾರೂ ಹೇಳಬೇಕಾಗಿಲ್ಲ. ಬರೆಯುವವನೂ ಓದುವವನೂ ಅವನೇ ಆಗಿರುವನಷ್ಟೆ.

ಇನ್ನೊಂದು ಉದಾಹರಣೆ. ತಂದೆಯ ಹೆಸರಿನ ಮೊದಲಕ್ಷರವನ್ನು ತನ್ನ ಹೆಸರಿನ ಹಿಂದೆ ಸೇರಿಸಿಕೊಳ್ಳುವುದು ಈ ಸೀಮೆಯ ರೂಢಿ. ಮನೆತನದ ಹೆಸರೆಂಬ ಖಾನೆಯನ್ನು ತುಂಬಿದ ಹೊರತು ಮುಂದಕ್ಕೆ ಬಿಡದ ಅರ್ಜಿಯು ಪ್ರಾಮಾಣಿಕನಾದ ಮನುಷ್ಯನಿಂದಲೂ ಇಲ್ಲದ ಹೆಸರೊಂದನ್ನು ಬರೆಯಿಸುತ್ತದೆ. ಇವನ್ನು ರಚಿಸಿದವರು ದ್ವೇಷವುಳ್ಳವರಲ್ಲ. ಎಲ್ಲರೂ ತಮ್ಮಂತೆಯೇ ಇರುವರೆಂದು ಭಾವಿಸಿದರು, ಅಷ್ಟೆ.

ಹಾಗಾದರೆ ಮನಸ್ಸು ಒಳ್ಳೆಯದಾಗಿದ್ದರೆ ಸಾಕೆ? ಸಾಲದೆಂದು ಚರಿತ್ರೆ ಹೇಳುತ್ತದೆ. 18ನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸಿನಲ್ಲಿ ಅಂಧ ಮಕ್ಕಳಿಗೆಂದು ಶಾಲೆ ತೆರೆದ ವ್ಯಾಲೆಂಟಿನ್ ಹಾಯುಯಿ ಕರುಣಾಳುವಾಗಿದ್ದನು. ಕಣ್ಣುಳ್ಳವರು ಓದುವ ಅಕ್ಷರಗಳನ್ನೇ ಉಬ್ಬಾಗಿ ಅಚ್ಚುಹಾಕಿಸಿ ಅವರ ಕೈಗಿತ್ತನು. ಆದರೆ ಕಣ್ಣಿಗೆ ಸುಲಭವಾದ ಆಕಾರ ಬೆರಳಿಗೆ ಸುಲಭವಲ್ಲ. ಮಕ್ಕಳು ಒಂದೊಂದು ಅಕ್ಷರವನ್ನೂ ತಡವಿ ತಡವಿ ಓದಬೇಕಾಯಿತು. ಅದೇ ಶಾಲೆಯಲ್ಲಿ ಮುಂದೆ ಕಲಿತ ಲೂಯಿ ಬ್ರೈಲ್ ತಾನೇ ಅಂಧ. ಬಾರ್ಬಿಯೆ ಎಂಬಾತನು ರಚಿಸಿದ್ದ ಚುಕ್ಕಿಗಳ ಲಿಪಿಯನ್ನು ಅವನು ತಿದ್ದಿ, ಬೆರಳ ತುದಿಗೆ ಒಮ್ಮೆಗೇ ನಿಲುಕುವಂತೆ ಆರು ಚುಕ್ಕಿಗಳಿಗೆ ಇಳಿಸಿ, 1829ರಲ್ಲಿ ಪ್ರಕಟಿಸಿದನು. ಭಾರತದಲ್ಲಿ 1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲಿನ ಮೂಲಕ ನಮ್ಮ ಕನ್ನಡವೂ ಅದೇ ಆರು ಚುಕ್ಕಿಗಳಲ್ಲಿ ನೆಲೆಸಿದೆ. ಕರುಣೆ ಕೊಟ್ಟ ಅಕ್ಷರ ಉಳಿಯಲಿಲ್ಲ. ಬೆರಳನ್ನು ಕೇಳಿ ಮಾಡಿದ ಅಕ್ಷರ ಉಳಿಯಿತು.

ಕೇಳಿ ಮಾಡುವ ಈ ಗುಣವನ್ನು ತರಗತಿಯಲ್ಲಿ ಕಲಿಸಬಹುದೆ? ಕಲಿಸಬಹುದು. ವಿದ್ಯಾರ್ಥಿಯು ತಾನು ರಚಿಸಿದ ಪರದೆಯನ್ನು ತನ್ನ ಅಜ್ಜಿಯ ಮುಂದಿಟ್ಟು, ಕಾಲು ಗಂಟೆಯ ಕಾಲ ಮಾತನಾಡದೆ ನೋಡಲಿ. "ಅಲ್ಲಲ್ಲ ಅಜ್ಜಿ, ಇಲ್ಲಿ ಒತ್ತು" ಎಂಬ ಮಾತು ಬಾಯಿಗೆ ಬಂದೊಡನೆ ಅದನ್ನು ತಡೆದು, ಆಕೆ ಎಡವಿದ ಸ್ಥಳವನ್ನು ಬರೆದುಕೊಳ್ಳಲಿ. ಪರದೆಯನ್ನು ಬಿಸಿಲಿಗೆ ಹಿಡಿದು ನೋಡಲಿ. ಮೌಸನ್ನು ಬದಿಗಿಟ್ಟು ಕೀಲಿಮಣೆಯೊಂದರಿಂದಲೇ ಕೆಲಸ ಸಾಗುವುದೇ ಎಂದು ಪರೀಕ್ಷಿಸಲಿ. ಕಣ್ಣು ಮುಚ್ಚಿ, ಪರದೆಯನ್ನು ಓದಿ ಹೇಳುವ ತಂತ್ರಾಂಶದ ದನಿಯನ್ನು ಕೇಳಲಿ. ಗುಂಡಿಗಳಿಗೆ ಹೆಸರಿಡದಿದ್ದರೆ ಅದು "ಬಟನ್, ಬಟನ್" ಎಂದಷ್ಟೇ ಹೇಳುತ್ತಿರುವುದು. ಆದರೆ ಕ್ಷಣಕಾಲ ಕಣ್ಣು ಮುಚ್ಚಿದವನು ಅಂಧನ ಬಾಳನ್ನು ಅರಿತೆನೆಂದು ತಿಳಿಯಬಾರದು. ಅಂಧರನ್ನೇ ಕರೆದು ಕೇಳಬೇಕು. ನಿಯಮಗಳೂ ಇಲ್ಲದಿಲ್ಲ. ಅಂತರಜಾಲದ ಪುಟಗಳು ಎಲ್ಲರಿಗೂ ಎಟಕುವಂತಿರಲು ಅಂತರರಾಷ್ಟ್ರೀಯ ಮಾರ್ಗಸೂಚಿ ಮೊದಲು ಬಂದುದು 1999ರಲ್ಲಿ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ಅಂತರವಿರಬೇಕೆಂದು 2008ರ ಆವೃತ್ತಿ ಹೇಳಿತು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಇದನ್ನು ದಯೆಯೆಂದು ಬಗೆಯದೆ ಹಕ್ಕೆಂದು ಎಣಿಸಿದೆ.

ಇಲ್ಲಿ ಎರಡು ಆಕ್ಷೇಪಗಳು ಏಳುವುವು. ಎಲ್ಲವನ್ನೂ ಸುಲಭ ಮಾಡಿದರೆ ಜನ ಸೋಮಾರಿಗಳಾಗುವರಲ್ಲವೆ ಎಂಬುದು ಮೊದಲನೆಯದು. ಕಷ್ಟಪಡದೆ ವಿದ್ಯೆ ಬಾರದೆಂಬುದು ನಿಜವೇ. ಆದರೆ ಬಾಲಕನು ಲೆಕ್ಕದೊಡನೆ ಹೆಣಗಬೇಕೇ ಹೊರತು ಒಡಕು ಸ್ಲೇಟಿನೊಡನೆ ಅಲ್ಲ. ವಿಷಯದ ಕಷ್ಟ ಬುದ್ಧಿಯನ್ನು ಬೆಳೆಸುತ್ತದೆ. ಸಾಧನದ ಕಷ್ಟ ಅದನ್ನು ಕುಗ್ಗಿಸುತ್ತದೆ.

ಎರಡನೆಯದು ಇದಕ್ಕಿಂತ ಬಲವಾದುದು: ಅಂತಹವರು ಕೆಲವೇ ಮಂದಿ, ಕೆಲವರಿಗಾಗಿ ಇಷ್ಟು ಶ್ರಮ, ಇಷ್ಟು ವೆಚ್ಚ ಏಕೆ? ಸಮಯವೂ ಹಣವೂ ಮಿತವಾದುವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವಾಚಕರೆ, ಈ ಮಾತನ್ನು ಆಡುವ ಅಧಿಕಾರ ನಮಗುಂಟೆ? ಈ ಜಿಲ್ಲೆಗಳಲ್ಲಿ ಕನ್ನಡಿಗರಾದ ನಾವೇ ಕೆಲವರು. ಮಂದಿ ಕಡಮೆಯೆಂದು ನಮ್ಮ ನುಡಿಯ ಪಠ್ಯಪುಸ್ತಕವನ್ನು ನಿಲ್ಲಿಸಬಾರದು, ನಮ್ಮ ಒತ್ತಕ್ಷರವನ್ನು ಕತ್ತರಿಸಬಾರದು ಎಂದು ಬೇಡುವ ನಾವು, ನಮ್ಮ ನಡುವಿನ ಅಂಧ ಬಾಲಕಿಗೆ "ನೀನೊಬ್ಬಳೇ ಅಲ್ಲವೆ" ಎಂದು ಹೇಳಬಹುದೆ? ಹೇಳಿದ ದಿನ ನಮ್ಮ ಬೇಡಿಕೆ ನ್ಯಾಯವಾಗಿ ಉಳಿಯದೆ ಬರಿಯ ಸ್ವಾರ್ಥವಾಗುವುದು. ಸಂಖ್ಯೆಯಲ್ಲಿ ಕಡಮೆಯಾಗಿ ಬಾಳುವುದೇನೆಂದು ಬಲ್ಲ ಮಕ್ಕಳು ಕೆಲವರ ಕಷ್ಟವನ್ನು ಬೇಗ ಅರಿಯಬಲ್ಲರು. ಅವರು ಕಲಿಯುವ ಗಣಕವಿದ್ಯೆಗೆ ನಮ್ಮ ಶಾಲೆಗಳು ಕೊಡಬಹುದಾದ ಕಾಣಿಕೆ ಇದೇ ಎಂದು ನಾವು ನಂಬುತ್ತೇವೆ.

ಉಪಾಧ್ಯಾಯರಿಗೆ ಈ ಧರ್ಮ ಹೊಸದಲ್ಲ. ಒಬ್ಬ ಹುಡುಗ ತಪ್ಪಿದರೆ ಅವನನ್ನು ತಿದ್ದುವೆವು. ತರಗತಿಗೆ ತರಗತಿಯೇ ತಪ್ಪಿದರೆ ನಮ್ಮ ಪಾಠವನ್ನು ತಿದ್ದಿಕೊಳ್ಳುವೆವು. ವಿದ್ಯಾರ್ಥಿ ಮಿತ್ರರೆ, ನಾಳೆ ನೀವು ರಚಿಸಿದ ಪರದೆಯ ಮುಂದೆ ಆ ಮುದುಕಿ ಬಂದು ನಿಲ್ಲುವಳು. ಆಕೆ "ನನ್ನಿಂದಾಗದು" ಎಂದು ಹಿಂದೆ ಸರಿದರೆ, ಪರೀಕ್ಷೆಯಲ್ಲಿ ತಪ್ಪಿದವರು ಆಕೆಯಲ್ಲ, ನೀವು ಎಂಬುದನ್ನು ಮರೆಯದಿರಿ.