ಸವೆದ ಮೂಗು

ಸದ್ದು ಒಂದು ಕಡೆ, ಸವೆತ ಇನ್ನೊಂದು ಕಡೆ. ಹಳೆ ಕಾರು ರಿಪೇರಿ ಮಾಡುವ ಮಿಸ್ತ್ರಿಗೆ ತುಸು ಅನುಮಾನದ ಸ್ವಭಾವ ಇರಬೇಕು.

*

ಪದ್ಮಿನಿ ಕಾರಿನ ಕಾರ್ಬ್ಯುರೇಟರಿನಲ್ಲಿ ಪಟ್ ಪಟ್ ಎಂದರೆ ಎಲ್ಲರ ಕೈ ಕಾರ್ಬ್ಯುರೇಟರಿಗೇ ಹೋಗುತ್ತದೆ. ಜೆಟ್ ತೊಳೆದದ್ದಾಯಿತು, ಪ್ಲಗ್ ಬದಲಿಸಿದ್ದಾಯಿತು, ಪಾಯಿಂಟ್ ಉಜ್ಜಿದ್ದಾಯಿತು. ಎಕ್ಸಾಸ್ಟ್ ವಾಲ್ವ್ ಎತ್ತುವ ಕ್ಯಾಮಿನ ಮೂಗು ಸವೆದಿದೆಯೋ ಎಂದು ನೋಡುವವರು ಕಡಿಮೆ. ಹಿತ್ತಲ ಬಾಗಿಲು ಪೂರ್ತಿ ತೆರೆಯದಿದ್ದರೆ ಸುಟ್ಟ ಗಾಳಿ ತಲೆಬಾಗಿಲಿನಿಂದಲೇ ನುಗ್ಗುತ್ತದೆ.

ರಾಕರ್ ಕವರ್ ತೆಗೆಯಿರಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ, ನಾಲ್ಕು ಎಕ್ಸಾಸ್ಟ್ ವಾಲ್ವುಗಳ ಇಳಿತವನ್ನು ಡಯಲ್ ಗೇಜಿನಲ್ಲಿ ಅಳೆಯಿರಿ. ಮೂರು ಸಮವಾಗಿದ್ದು ಒಂದು ಕಡಿಮೆ ಬಂದರೆ ಕಳ್ಳ ಸಿಕ್ಕ.

*

ಕಂಪ್ರೆಷನ್ ಬಿದ್ದಿದೆಯೇ? ಪ್ಲಗ್ಗಿನ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗು, ಬೋರು. ಏರದಿದ್ದರೆ ವಾಲ್ವು ಇಲ್ಲವೇ ಗ್ಯಾಸ್ಕೆಟ್ಟು. ಮೊದಲು ಬಿಚ್ಚಿ ಆಮೇಲೆ ಯೋಚಿಸುವವರಿಗೆ ಈ ಚಮಚ ನೆನಪಾಗುವುದೇ ಇಲ್ಲ.

*

ಟ್ಯಾಪೆಟ್ ಸದ್ದೆಂದರೆ ಮಾಲೀಕರಿಗೆ ನಾಚಿಕೆ. ಸದ್ದು ಅಡಗುವಷ್ಟು ಬಿಗಿ ಮಾಡಿಸಿಕೊಂಡು ಹೋಗುತ್ತಾರೆ, ವಾಲ್ವು ಸುಟ್ಟುಕೊಂಡು ಬರುತ್ತಾರೆ.

*

ಪದ್ಮಿನಿ ತಯಾರಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದ ವಾಲಚಂದ ಹಿರಾಚಂದ ಹುಟ್ಟಿದ್ದು 1882ರಲ್ಲಿ, ಸೊಲ್ಲಾಪುರದಲ್ಲಿ. ಕಂಪನಿ ಎದ್ದದ್ದು ಮಾತ್ರ ಮುಂಬಯಿಯಲ್ಲಿ, 1944ರಲ್ಲಿ. ಕ್ಯಾಮ್ ತಯಾರಿಸುವ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ ಸೊಲ್ಲಾಪುರದಲ್ಲೇ ಶುರುವಾದದ್ದು 1992ರಲ್ಲಿ. ಇಂದು ಅದರ ಕಾರ್ಖಾನೆ ಅಕ್ಕಲಕೋಟ ರಸ್ತೆಯಲ್ಲೂ ಉಂಟು, ಚಿಂಚೋಳಿ ಎಂಐಡಿಸಿಯಲ್ಲೂ ಉಂಟು. ಸೊಲ್ಲಾಪುರದ ಹೆಸರು ಹೇಳಿದೊಡನೆ ಜನಕ್ಕೆ ನೆನಪಾಗುವುದು ಈಗಲೂ ಚಾದರವೇ.

*

ಚಿಲ್ಡ್ ಕ್ಯಾಮ್ ಎರಕ ಹೊಯ್ಯುವಾಗ ಅಚ್ಚಿನಲ್ಲಿ ಮೂಗು ಬರುವ ಕಡೆ ಲೋಹದ ತುಂಡು ಇಟ್ಟಿರುತ್ತಾರೆ. ಕರಗಿದ ಕಬ್ಬಿಣ ಅಲ್ಲಿ ತಟ್ಟನೆ ತಣಿದು ಬಿಳಿ ಕಬ್ಬಿಣವಾಗುತ್ತದೆ, ಬಲು ಗಟ್ಟಿ. ಮಿಕ್ಕ ಭಾಗ ನಿಧಾನ ತಣಿದು ಬೂದು ಕಬ್ಬಿಣವಾಗಿ ಲೇತಿಗೆ ಒಗ್ಗುತ್ತದೆ. ಒಂದೇ ಹೊಯ್ತ, ಎರಡು ಸ್ವಭಾವ.

ಸವೆದ ಕ್ಯಾಮನ್ನು ಗ್ರೈಂಡಿಂಗಿಗೆ ಕೊಡುವ ಮುಂಚೆ ಆ ಬಿಳಿ ಪದರ ಎಷ್ಟು ಉಳಿದಿದೆ ಎಂದು ಕೇಳಬೇಕು. ಪದರ ಮುಗಿದಿದ್ದರೆ ಆಕಾರ ಮರಳಿ ಬರುತ್ತದೆ, ಆಯಸ್ಸು ಬರುವುದಿಲ್ಲ.

*

ಟ್ಯಾಪೆಟ್ಟಿನ ಪಾದ ಸಾಮಾನ್ಯವಾಗಿ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ. ಆ ಉಬ್ಬಿನ ನೆರವಿನಿಂದ ಅದು ಕೆಲಸ ಮಾಡುತ್ತ ತನ್ನ ಸುತ್ತ ತಾನು ತಿರುಗುತ್ತದೆ. ತಿರುಗುವುದು ನಿಂತಿತೋ, ಒಂದೇ ಜಾಗ ಉಜ್ಜಿ ಕ್ಯಾಮನ್ನೂ ತಿನ್ನುತ್ತದೆ. ಹೊಸ ಕ್ಯಾಮಿಗೆ ಹಳೆ ಟ್ಯಾಪೆಟ್ ಹಾಕಿ ಉಳಿಸಿದ ದುಡ್ಡು ಉಳಿದದ್ದಲ್ಲ.

*

ಬೋರು ದುಂಡಗೆ ಸವೆಯುವುದಿಲ್ಲ. ರಿಂಗು ಹೋಗಿ ನಿಲ್ಲುವ ಮೇಲ್ತುದಿಯಲ್ಲಿ ಉಗುರಾಡಿಸಿ. ಉಗುರು ತಡೆದರೆ ಹೊಸ ರಿಂಗಿನ ಮಾತು ಬಿಟ್ಟು ಮೊದಲು ಬೋರ್ ಅಳೆಸಿ.

*

ಹೊಸ ಕ್ಯಾಮ್ ಹಾಕಿದ ಎಂಜಿನ್ನನ್ನು ಮೊದಲ ಸಲವೇ ಐಡ್ಲಿಂಗಿನಲ್ಲಿ ಬಿಡಬಾರದು. ಆ ವೇಗಕ್ಕೆ ಮೂಗಿನ ಮೇಲೆ ಎಣ್ಣೆ ಸಾಕಷ್ಟು ಎರಚುವುದಿಲ್ಲ. 2000 ಆರ್‌ಪಿಎಮ್ ಆಸುಪಾಸಿನಲ್ಲಿ 20 ನಿಮಿಷ ಓಡಬೇಕು. ನಿಂಬೆಹಣ್ಣು, ತೆಂಗಿನಕಾಯಿ ಎಲ್ಲ ಆಮೇಲೆ.